ಗಾಳಿಯ ಊರಿನ ಚಿಪ್ ಕಾರ್ಖಾನೆಗಳು

ತೈವಾನ್ ದ್ವೀಪದ ವಾಯವ್ಯ ಕರಾವಳಿಯಲ್ಲಿ ಶಿಂಚು ಎಂಬ ನಗರವಿದೆ. ಅಲ್ಲಿಯ ಜನ ಅದನ್ನು ‘ಗಾಳಿಯ ಊರು’ ಎಂದೇ ಕರೆಯುತ್ತಾರೆ. ಚಳಿಗಾಲದ ಈಶಾನ್ಯ ಮಾರುತಕ್ಕೆ ಅಕ್ಕಿ ಶಾವಿಗೆಯನ್ನು ಹರವಿ ಒಣಗಿಸುವುದು ಇಲ್ಲಿಯ ಹಳೆಯ ಕಸುಬು. ರಾಜಧಾನಿ ತೈಪೆಯಿಂದ ವೇಗದ ರೈಲನ್ನೇರಿದ ನಾವು ಸುಮಾರು ಅರ್ಧ ತಾಸಿನಲ್ಲಿ ಇಲ್ಲಿಗೆ ಬಂದಿಳಿದೆವು. ಕಂಪ್ಯೂಟರಿನ ಮೆದುಳೆನ್ನಿಸುವ ಚಿಪ್‌ಗಳು ಹುಟ್ಟುವ ನೆಲವನ್ನು ಕಾಣಬೇಕೆಂಬುದು ನಮ್ಮ ಆಸೆಯಾಗಿತ್ತು.

1980ರಲ್ಲಿ ಇಲ್ಲಿ ವಿಜ್ಞಾನ ಉದ್ಯಾನವೊಂದನ್ನು ಸರಕಾರ ಸ್ಥಾಪಿಸಿತು. ಪಕ್ಕದಲ್ಲಿಯೇ ಎರಡು ದೊಡ್ಡ ವಿಶ್ವವಿದ್ಯಾಲಯಗಳಿವೆ. ಒಂದು ಧೂಳಿನ ಕಣವೂ ಚಿಪ್ ಅನ್ನು ಕೆಡಿಸಬಲ್ಲದಾದ್ದರಿಂದ ಕಾರ್ಖಾನೆಯ ಒಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಟಿಎಸ್‌ಎಂಸಿ ಕಂಪನಿಯ ವಸ್ತು ಸಂಗ್ರಹಾಲಯವನ್ನು ನೋಡಿಯೇ ನಾವು ತೃಪ್ತಿಪಡಬೇಕಾಯಿತು.

ಈ ಕಂಪನಿಯ ಸ್ಥಾಪಕರು ಮಾರಿಸ್ ಚಾಂಗ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ 25 ವರ್ಷ ದುಡಿದ ಅವರು 1985ರಲ್ಲಿ ತೈವಾನ್‌ಗೆ ಬಂದು, 1987ರಲ್ಲಿ ಇದನ್ನು ಆರಂಭಿಸಿದರು. ಅದಕ್ಕೆ ಮೊದಲು ಚಿಪ್ ವಿನ್ಯಾಸ ಮಾಡುವವನಿಗೆ ಸ್ವಂತ ಕಾರ್ಖಾನೆ ಇರಬೇಕಿತ್ತು. ಇಲ್ಲವೆ ಬೇರೆಯವರ ಕಾರ್ಖಾನೆಗೆ ಬಿಡುವಾಗುವವರೆಗೆ ಕಾಯಬೇಕಿತ್ತು. ಚಾಂಗ್ ಅವರ ಕಂಪನಿ ತನ್ನದೇ ಚಿಪ್ ಮಾರದೆ, ಪರರ ವಿನ್ಯಾಸವನ್ನಷ್ಟೇ ತಯಾರಿಸಿಕೊಡತೊಡಗಿತು. ಲೇಖಕ ಹಸ್ತಪ್ರತಿ ತಂದರೆ ಮುದ್ರಣಾಲಯ ಅಚ್ಚು ಹಾಕುವುದಿಲ್ಲವೆ? ಅದೇ ರೀತಿ.

ಇದರಿಂದ ಒಂದೇ ಕೆಲಸಕ್ಕೆ ಮೀಸಲಾದ ಚಿಪ್‌ಗಳಿಗೆ ದಾರಿ ಸುಗಮವಾಯಿತು. ಸಾಮಾನ್ಯ ಚಿಪ್ ಯಾವ ಕೆಲಸವನ್ನಾದರೂ ಮಾಡೀತು. ಆದರೆ ಆಜ್ಞೆಗಳನ್ನೂ ಅಂಕಿಗಳನ್ನೂ ನೆನಪಿನ ಕೋಶದಿಂದ ತಂದುಕೊಳ್ಳುವುದರಲ್ಲಿಯೇ ಅದರ ಶಕ್ತಿ ಬಹಳಷ್ಟು ವ್ಯಯವಾಗುತ್ತದೆ. ಗೂಗಲ್ 2015ರಲ್ಲಿ ಬಳಕೆಗೆ ತಂದ ಚಿಪ್ಪಿನಲ್ಲಿ 256 ಸಾಲು, ಸಾಲಿಗೆ 256ರಂತೆ 65,536 ಗುಣಾಕಾರ ಘಟಕಗಳಿದ್ದವು. ಅಂಕಿಗಳು ಒಂದು ಘಟಕದಿಂದ ನೆರೆಯ ಘಟಕಕ್ಕೆ ಸಾಗುತ್ತ ಹೋಗುವುದರಿಂದ ನೆನಪಿನ ಕೋಶಕ್ಕೆ ಅಲೆದಾಟ ತಪ್ಪಿತು. ತನಗೊಪ್ಪಿಸಿದ ಕೆಲಸದಲ್ಲಿ ಅದು ಸಮಕಾಲೀನ ಚಿಪ್‌ಗಳಿಗಿಂತ ಸರಾಸರಿ 15ರಿಂದ 30 ಪಟ್ಟು ವೇಗವಾಗಿತ್ತೆಂದು ಗೂಗಲ್ 2017ರಲ್ಲಿ ಪ್ರಕಟಿಸಿತು.

ಆದರೆ ಇಲ್ಲಿ ಹಣದ ಲೆಕ್ಕ ಬಿಗಿಯಾದದ್ದು. ವಿನ್ಯಾಸಕ್ಕೆ ವರ್ಷಗಳ ದುಡಿಮೆ ಬೇಕು; ಅನಂತರ ಮಂಡಲದ ಚಿತ್ರ ಹೊತ್ತ ‘ಮಾಸ್ಕ್’ ಎಂಬ ಫಲಕಗಳನ್ನು ಹತ್ತಾರು ಸಂಖ್ಯೆಯಲ್ಲಿ ಮಾಡಿಸಬೇಕು. ಮೊದಲ ಚಿಪ್ ಕೈಗೆ ಬರುವ ಮುನ್ನವೇ ಇಷ್ಟೂ ಖರ್ಚು ಆಗಿಹೋಗಿರುತ್ತದೆ. ಸಾವಿರ ಚಿಪ್ ಮಾಡಿಸಿದರೆ ಒಂದೊಂದರ ಮೇಲೂ ಆ ಖರ್ಚಿನ ಸಾವಿರದಲ್ಲೊಂದು ಪಾಲು ಬೀಳುತ್ತದೆ. ಹತ್ತು ಲಕ್ಷ ಮಾಡಿಸಿದರೆ ಅದು ಹಗುರ. ಸಣ್ಣವರಿಗಾಗಿ ಇಲ್ಲಿ ಇನ್ನೊಂದು ಉಪಾಯವಿದೆ: ಹಲವರ ಪರೀಕ್ಷಾ ವಿನ್ಯಾಸಗಳನ್ನು ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸಿ, ಖರ್ಚನ್ನು ಹಂಚಿಕೊಳ್ಳುವುದು.

ಕೆಲಸ ದೊಡ್ಡದೇ, ಅದು ಬಾಳುವುದೇ ಎಂಬುದನ್ನು ಮೊದಲೇ ಅರಿಯಬೇಕು. 2013ರಿಂದ ಬಿಟ್‌ಕಾಯಿನ್ ಲೆಕ್ಕಕ್ಕೆಂದೇ ಮೀಸಲಾದ ಚಿಪ್‌ಗಳು ಬಂದವು. ಇನ್ನೂ ಚುರುಕಾದವು ಬಂದಂತೆಲ್ಲ ಹಳೆಯವು ವಿದ್ಯುತ್ತಿನ ಖರ್ಚನ್ನೂ ದುಡಿಯದಾದವು. ಬೇರೆ ಕೆಲಸಕ್ಕೆ ಅವು ಒದಗಲಿಲ್ಲ. ಶಾವಿಗೆ ಒರಳಿನಲ್ಲಿ ರೊಟ್ಟಿ ಬಡಿಯಲಾಗದಷ್ಟೆ.

ಲೆಕ್ಕದ ಪುಸ್ತಕದಲ್ಲಿ ಸುಲಭವಾಗಿ ಕಾಣದ ಇನ್ನೊಂದು ಖರ್ಚು ನೀರಿನದು. ಪ್ರತಿ ಹಂತದ ನಡುವೆಯೂ ಸಿಲಿಕಾನ್ ಬಿಲ್ಲೆಯನ್ನು ಅತಿಶುದ್ಧ ನೀರಿನಿಂದ ತೊಳೆಯಬೇಕು. 2020ರಲ್ಲಿ ಒಂದು ಚಂಡಮಾರುತವೂ ತೈವಾನ್ ನೆಲವನ್ನು ಮುಟ್ಟಲಿಲ್ಲ; 2021ರಲ್ಲಿ ಅರ್ಧ ಶತಮಾನದಲ್ಲೇ ಕಾಣದಂಥ ಬರ ಬಂದಿತು. ಆಗ ಕಾರ್ಖಾನೆಗಳು ಟ್ಯಾಂಕರ್ ನೀರು ತರಿಸಿದವು. ಸರಕಾರ ವಿಶಾಲವಾದ ಭತ್ತದ ಗದ್ದೆಗಳಿಗೆ ನೀರು ನಿಲ್ಲಿಸಿ, ರೈತರಿಗೆ ಪರಿಹಾರ ಕೊಟ್ಟಿತು. ಪರಿಹಾರದ ಹಣ ಕೈಗೆ ಬಂದರೂ ಬಿತ್ತದ ಗದ್ದೆಯನ್ನು ಕಂಡ ರೈತನ ಸಂಕಟ ನಮ್ಮ ಬಯಲುಸೀಮೆಯವರಿಗೆ ವಿವರಿಸಬೇಕಾದದ್ದಲ್ಲ.

ಚಾಂಗ್ ದುಡಿದ ಅದೇ ಅಮೆರಿಕದ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿಯೂ ವಿನ್ಯಾಸ ಕೇಂದ್ರವನ್ನು ತೆರೆಯಿತು. ಇಂದು ನಮ್ಮ ಸಾವಿರಾರು ತರುಣ ತರುಣಿಯರು ಅಲ್ಲಿ ಹಲವು ಕಂಪನಿಗಳಿಗೆ ಚಿಪ್‌ಗಳನ್ನು ರೂಪಿಸುತ್ತಿದ್ದಾರೆ; ತಯಾರಿಕೆಗೆ ಮಾತ್ರ ಶಿಂಚುವಿನಂಥ ಊರುಗಳನ್ನೇ ನೆಚ್ಚಬೇಕು. ಅಂಥ ಕಾರ್ಖಾನೆ ನಮ್ಮ ನಾಡಿಗೂ ಬರಲೆಂದು ಹಾರೈಸುವುದು ಸಹಜ. ಹಾಗೆ ಹಾರೈಸುವವರು ಯಂತ್ರದ ಬೆಲೆಯೊಡನೆ ನೀರಿನ ಬೆಲೆಯನ್ನೂ, ಅದನ್ನು ತೆರುವವರು ಯಾರೆಂಬುದನ್ನೂ ಮೊದಲೇ ಕೇಳಿ ತಿಳಿಯುವುದು ಲೇಸು.