ಕಾಗವಾಡದಾಚೆಯ ಶ್ರುತಿ

ರಾಯಬಾಗವನ್ನು ಬಿಟ್ಟ ರೈಲು ಚಿಂಚಲಿ, ಕುಡಚಿಗಳನ್ನು ಹಿಂದಿಕ್ಕಿ, ಕೃಷ್ಣೆಯನ್ನು ದಾಟಿ, ಉಗಾರದ ಕಬ್ಬಿನ ಹೊಲಗಳ ನಡುವೆ ಸಾಗುತ್ತದೆ. ಶೇಡಬಾಳ ಕಳೆದು ಕಾಗವಾಡದ ಸೀಮೆ ಮುಗಿಯಿತೆನ್ನುವಷ್ಟರಲ್ಲಿ ಮಿರಜ. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳವರಿಗೆ ನಕ್ಷೆಯಲ್ಲಿ ಅದು ಪರರಾಜ್ಯ. ಕಿವಿಗೆ ಮಾತ್ರ ನೆರೆಮನೆ.

ಇಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡರು. ಮೀರಾಸಾಹೇಬರ ದರ್ಗಾದಲ್ಲಿ ಅವರ ಸಮಾಧಿಯಿದೆ. ಉರುಸಿನಲ್ಲಿ ಗಾಯಕರು ಬಂದು ಹಾಡಿ ಸೇವೆ ಸಲ್ಲಿಸುತ್ತಾರೆ. ಊರಿನ ಕುಶಲಕರ್ಮಿಗಳ ಕೈಯಲ್ಲಿ ಸೋರೆಬುರುಡೆಗಳು ಇಂದಿಗೂ ತಂಬೂರಿಗಳಾಗುತ್ತಿವೆ.

ಖಾನರ ಝಿಂಝೋಟಿ ರಾಗದ ಠುಮರಿ ಕೆಲವೇ ನಿಮಿಷಗಳ ಧ್ವನಿಮುದ್ರಿಕೆ. ಅದನ್ನು ಕೇಳಿದ ಗದಗಿನ ಬಾಲಕನೊಬ್ಬನು ಹಾಗೆ ಹಾಡಲು ಕಲಿಯಬೇಕೆಂದು 1933ರಲ್ಲಿ ಮನೆಯನ್ನೇ ತೊರೆದನು. ಆಗ ಅವನಿಗೆ 11 ವರ್ಷ. ದೇಶವೆಲ್ಲ ಅಲೆದ ಮೇಲೆ ಅವನಿಗೆ ವಿದ್ಯೆ ದೊರೆತುದು ಮನೆಯ ಸಮೀಪದಲ್ಲೇ, ಕುಂದಗೋಳದಲ್ಲಿ, ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ. ಆ ಬಾಲಕನೇ ಭೀಮಸೇನ ಜೋಶಿ!

ಒಬ್ಬರ ಎದೆಯನ್ನು ಕರಗಿಸಿದ ಹಾಡು ಇನ್ನೊಬ್ಬರ ಬಾಳನ್ನೇ ತಿರುಗಿಸಬಲ್ಲದು. ನಿಮಗೆ ಪ್ರಿಯವಾದ ಹಾಡನ್ನು ಒಬ್ಬರೇ ಕೇಳಿ ಮುಗಿಸಬೇಡಿ, ಓದುಗರೇ. ಮಕ್ಕಳನ್ನೂ ಬಳಿಗೆ ಕರೆಯಿರಿ.