ಒಗ್ಗಟ್ಟು ಅಂದ್ರೆ ಬಾಯಿ ಮುಚ್ಚಿಸೋದಲ್ಲ

ಕಿಬ್ಬನಹಳ್ಳಿ ಸೀಮೆಯ ಒಂದೂರು ನಮ್ಮದು. ಅಪ್ಪ ಕಂಡವರ ತೋಟದಲ್ಲಿ ಕಾಯಿ ಸುಲಿಯೋ ಕೂಲಿ. ಜಾತ್ರೆ ಬಂದ್ರೆ ನಮ್ಮ ಕೇರಿಯಿಂದಲೂ ಪಟ್ಟಿ ಹಣ ಎತ್ತೋರು, ಆದ್ರೆ ದೇವರ ಉತ್ಸವ ಮಾತ್ರ ಕೇರಿಗೆ ಬರ್ತಿರಲಿಲ್ಲ. ಒಂದು ವರ್ಷ ಅಪ್ಪ 'ಯಾಕೆ ಸ್ವಾಮಿ?' ಅಂತ ಕೇಳಿದ. 'ಇದು ಊರೊಟ್ಟಿನ ಮಾತು ಕಣಲೇ, ನೀನೊಬ್ಬ ಯಾವನು?' ಅಂದ್ರು. ಮಾರನೇ ದಿನದಿಂದ ಯಾವ ತೋಟದಲ್ಲೂ ಕೂಲಿ ಇಲ್ಲ.

'ನೀನೊಬ್ಬ ಯಾವನು?' ಅನ್ನೋದಕ್ಕೆ ಬಾಬಾಸಾಹೇಬರು 1948ರ ನವೆಂಬರ್ 4ರಂದೇ ಸಂವಿಧಾನ ಸಭೆಯಲ್ಲಿ ಉತ್ತರ ಕೊಟ್ಟಿದ್ದರು. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ಹಿಡಿದಿದೆ, ಅದು ನನಗೆ ಸಂತೋಷ ಅಂದಿದ್ದರು.

ಹಂಗಂತ ಅವರವರ ಪಾಡು ಅವರವರೇ ನೋಡ್ಕೊಳ್ಳಿ ಅನ್ನಲಿಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದವರೂ ಅವರೇ. ನೀರು ಕುಡಿಯೋ ಹಕ್ಕು ಒಬ್ಬೊಬ್ಬರದು. ಅದನ್ನ ದಕ್ಕಿಸಿಕೊಳ್ಳೋಕೆ ಎಲ್ಲರೂ ಬೇಕಾಯ್ತು. ಅವತ್ತು ಅಪ್ಪನ ಹಿಂದೆ ಇಡೀ ಕೇರಿ ನಿಂತಿದ್ದರೆ ನಮ್ಮನೆ ಒಲೆ ಆರ್ತಿರಲಿಲ್ಲ.

ಈಗ್ಯಾಕೆ ಈ ಮಾತು ಅಂದ್ರೆ, ಹೋದ ವಾರ ನಮ್ಮದೇ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು, 'ವೇದಿಕೆ ಮೇಲೆ ನಾವ್ಯಾಕಿಲ್ಲ ಅಣ್ಣ?' ಅಂದ್ಲು. 'ಒಗ್ಗಟ್ಟು ಮುರೀಬೇಡ, ಕೂತ್ಕೊಳಮ್ಮ' ಅಂದದ್ದು ಬೇರೆ ಯಾರೂ ಅಲ್ಲ, ನಾನೇ. ಮನೆಗೆ ಬಂದ್ಮೇಲೆ ಅಪ್ಪನ ಮುಖ ನೆನಪಾಯ್ತು. ಅವತ್ತು ಊರೊಟ್ಟು ಆಡಿದ ಮಾತನ್ನೇ ಇವತ್ತು ನಾನು ಆಡಿದ್ದೆ.

ತಂಗಿ, ತಪ್ಪಾಯ್ತು. ಮುಂದಿನ ಸಭೆ ನಿನ್ನ ಪ್ರಶ್ನೆಯಿಂದಲೇ ಶುರುವಾಗಲಿ.

ಜೈಭೀಮ್.