ಕಥೆಗಳಿಂದ ಕಲಿತ ಜಪಾನೀ ಭಾಷೆ

ದಾವಣಗೆರೆಯನ್ನು ಬಿಟ್ಟು ಜಪಾನಿನ ಕೋಬೆ ಪಟ್ಟಣದಲ್ಲಿ ನೆಲೆಸಬೇಕಾಗಿ ಬಂದಾಗ ಅಂಗಡಿಯವರೊಡನೆ ಆಡಲು ಸಹ ನನಗೆ ಮಾತಿರಲಿಲ್ಲ. ವ್ಯಾಕರಣಕ್ಕಿಂತ ಮೊದಲು ಚಿತ್ರಕಥೆಗಳೇ ನನಗೆ ಗುರುಗಳಾದವು. ಹಸೆಗಾವ ಮಾಚಿಕೊ ಎಂಬ ಮಹಿಳೆಯು 1946ರಲ್ಲಿ ಆರಂಭಿಸಿದ ‘ಸಾಜಾಯೆ-ಸಾನ್’ ನಾಲ್ಕೇ ಚೌಕಗಳಲ್ಲಿ ಒಂದು ಸಂಸಾರದ ನಗೆಯನ್ನು ತೋರಿಸುವುದು. ಮಕ್ಕಳ ಪುಸ್ತಕಗಳಲ್ಲಿ ಕಠಿಣವಾದ ಚೀನೀ ಲಿಪಿಯ ಪಕ್ಕದಲ್ಲಿ ಅದರ ಉಚ್ಚಾರಣೆಯನ್ನು ಸಣ್ಣಕ್ಷರಗಳಲ್ಲಿ ಅಚ್ಚುಮಾಡಿರುವರು. ಅದೇ ನನಗೆ ಊರುಗೋಲಾಯಿತು. ಕ್ರಿಯಾಪದವು ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುವುದು. ನಮ್ಮ ಮಳೆಯು ‘ಧೋ’ ಎಂದು ಸುರಿದರೆ ಅವರದು ‘ಜಾಜಾ’ ಎಂದು ಸುರಿಯುವುದು!

ಬಳಿಕ ನತ್ಸುಮೆ ಸೋಸೆಕಿಯವರ 1906ರ ಕಾದಂಬರಿ ‘ಬೊಟ್ಚಾನ್’ ಅನ್ನು ಓದಿದೆನು. ದೂರದ ಊರಿಗೆ ಉಪಾಧ್ಯಾಯನಾಗಿ ಹೋದ ತರುಣನಿಗೆ ಮನೆಯ ಮುದುಕಿಯಾದ ಕಿಯೊ ಕಾಗದ ಬರೆಯುವಳು. ಬಹುಮಟ್ಟಿಗೆ ಸರಳಾಕ್ಷರಗಳೇ ಆದರೂ, ವಾಕ್ಯವು ಎಲ್ಲಿ ಮುಗಿಯಿತೆಂದು ತಿಳಿಯದೆ ಅವನು ತಡವರಿಸುವನು, ನಾನೂ ತಡವರಿಸಿದೆನು. ಹರಿಹರದಿಂದ ನನ್ನ ಅಜ್ಜಿ ಬರೆಯುತ್ತಿದ್ದ ಕಾಗದಗಳೂ ಹೀಗೆಯೇ, ವಿರಾಮಚಿಹ್ನೆಯಿಲ್ಲದೆ, ತುಂಗಭದ್ರೆಯ ಪ್ರವಾಹದಂತೆ ಬರುತ್ತಿದ್ದವು. ಕಥೆಯ ಕೊನೆಯಲ್ಲಿ ಕಿಯೊ ತೀರಿಕೊಂಡಾಗ ನಿಘಂಟನ್ನು ಮುಚ್ಚಿ ಅತ್ತೆನು. ಅಂದೇ ಅಜ್ಜಿಗೆ ದೀರ್ಘವಾದ ಉತ್ತರವನ್ನು ಬರೆದೆನು. ಆ ದಿನದಿಂದ ಆ ಭಾಷೆಯು ನನಗೆ ಪರಕೀಯವಾಗಿ ಉಳಿಯಲಿಲ್ಲ.

ಪರಸ್ಥಳಕ್ಕೆ ಹೋಗುವ ಸೋದರಿಯರು ಆ ನಾಡಿನ ಕಥೆಗಳನ್ನು ಓದಲಿ. ಮನೆಗೆ ಕಾಗದವನ್ನೂ ಬರೆಯಲಿ.